ಕರಕರ ಎನ್ನದ ರೇಡಿಯೊ

ರೇಡಿಯೊ ಕೇಳುವುದು ನನ್ನ ಅರವತ್ತು ವರ್ಷದ ಹವ್ಯಾಸ. ಹಾಡು ಕೇಳುವುದಕ್ಕಿಂತ ಊರು ಹುಡುಕುವುದರಲ್ಲೇ ನನಗೆ ಹೆಚ್ಚು ಖುಷಿ. ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತ, ಗುಂಯ್ ಎನ್ನುವ ಗದ್ದಲದ ನಡುವೆ ಯಾವ ಊರು ಮಾತಾಡುತ್ತಿದೆ ಎಂದು ಪತ್ತೆ ಮಾಡುವುದಿದೆಯಲ್ಲ, ಅದರ ಸುಖವೇ ಬೇರೆ. ಹೊನ್ನಾವರದ ಕಾಸರಕೋಡಿನ ನಮ್ಮ ಮನೆಗೆ ಅಪ್ಪ ರೇಡಿಯೊ ತಂದಾಗ ಅದಕ್ಕೊಂದು ಲೈಸೆನ್ಸು ಪುಸ್ತಕವೂ ಇತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ಬರಬೇಕಿತ್ತು. "ರೇಡಿಯೊಕ್ಕೂ ಲೈಸೆನ್ಸಾ ಅಜ್ಜಿ?" ಎಂದು ಏಳನೆಯ ಇಯತ್ತೆಯ ಮೊಮ್ಮಗಳು ಈಗ ನಗುತ್ತಾಳೆ.

ಧಾರವಾಡ 765, ಭದ್ರಾವತಿ 675, ಮಂಗಳೂರು 1089 ಕಿಲೋಹರ್ಟ್ಸ್. ಮಗ್ಗಿಯಂತೆ ಇವು ನನಗೆ ಬಾಯಿಪಾಠ. ಹಗಲು ಹತ್ತಿರದ ಕೇಂದ್ರಗಳಷ್ಟೇ ಕೇಳುತ್ತಿದ್ದವು. ಕತ್ತಲಾದರೆ ದೂರದೂರದ ಊರುಗಳೂ ಬಂದು ಸೇರುತ್ತಿದ್ದವು. ಆಕಾಶದ ಮೇಲ್ಪದರವೊಂದು ರಾತ್ರಿಯಲ್ಲಿ ಮಧ್ಯಮ ತರಂಗಗಳನ್ನು ಕನ್ನಡಿಯಂತೆ ಕೆಳಗೆ ಹಿಂದಿರುಗಿಸುತ್ತದೆ. ಹಗಲಲ್ಲಿ ಅದಕ್ಕಿಂತ ಕೆಳಗಿನ ಇನ್ನೊಂದು ಪದರ ಅವನ್ನು ನುಂಗಿಬಿಡುತ್ತದೆ.

ಆ ರೇಡಿಯೊಕ್ಕೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ದೂರದಲ್ಲೆಲ್ಲೋ ಮಿಂಚಿದರೂ ಅದು ಕರಕರ ಎನ್ನುತ್ತಿತ್ತು. ಮಿಂಚೂ ರೇಡಿಯೊ ತರಂಗಗಳನ್ನು ಹೊರಡಿಸುತ್ತದೆ ಎಂದು ನಾನು ಟೀಚರ್ ಆದ ಮೇಲೆ ಮಕ್ಕಳಿಗೆ ಪಾಠ ಹೇಳಿದೆ. ಅಪ್ಪನಿಗೆ ಆ ಪಾಠ ಗೊತ್ತಿರಲಿಲ್ಲ, ಕರಕರ ಮಾತ್ರ ಚೆನ್ನಾಗಿ ಗೊತ್ತಿತ್ತು. ಪ್ರದೇಶ ಸಮಾಚಾರದ ನಡುವೆ ಅದು ಜಾಸ್ತಿಯಾದರೆ ಬಾಗಿಲಿಗೆ ಬಂದು ಪಡುವಣದ ಕಡೆ ನೋಡಿ, "ಇವತ್ತು ಬಲೆ ಬ್ಯಾಡ" ಅನ್ನುತ್ತಿದ್ದರು. ಹವಾಮಾನ ವಾರ್ತೆಗಿಂತ ಮೊದಲೇ ನಮ್ಮ ಮನೆಯಲ್ಲಿ ಹವಾಮಾನ ತಿಳಿಯುತ್ತಿತ್ತು!

ಮುಂದೆ ತಮ್ಮನ ದೋಣಿಗೆ ವಿ.ಎಚ್.ಎಫ್. ವೈರ್‌ಲೆಸ್ ಬಂತು. ಅದರ ತರಂಗ ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತದೆ. ಭೂಮಿ ದುಂಡಗಿರುವುದರಿಂದ ದಿಗಂತದ ಕೆಳಗೆ ಸರಿದ ದೋಣಿಗೆ ಅದು ಮುಟ್ಟುವುದಿಲ್ಲ. ಆದರೆ ಮುಟ್ಟುವಷ್ಟು ದೂರದಲ್ಲಿ ಆ ಚಾನೆಲ್ ಹಾಕಿಕೊಂಡವರಿಗೆಲ್ಲ ಒಬ್ಬನ ಮಾತು ಕೇಳುತ್ತದೆ. 16ನೆಯ ಚಾನೆಲ್ ಅಂತೂ ಲೋಕದ ಹಡಗುಗಳಿಗೆಲ್ಲ ಆಪತ್ತಿನ ಕರೆಗೆ ಗೊತ್ತುಮಾಡಿದ್ದು. ಒಮ್ಮೆ ನೇತ್ರಾಣಿ ಗುಡ್ಡದ ಆಚೆ ತಮ್ಮನ ದೋಣಿಯ ಇಂಜಿನ್ ಕೈಕೊಟ್ಟಿತು. ಅವನು ಕರೆದದ್ದು ಕಾಸರಕೋಡಿನ ಜೊತೆಗಾರರನ್ನು. ಅವರು ಆಗಲೇ ದೂರ ಹೋಗಿದ್ದರು, ಕೇಳಿಸಲಿಲ್ಲ. ಕೇಳಿಸಿಕೊಂಡದ್ದು ಭಟ್ಕಳದ ತೆಂಗಿನಗುಂಡಿಯ ಒಂದು ದೋಣಿ. ಗುರುತಿಲ್ಲ, ಪರಿಚಯವಿಲ್ಲ. ಬಂದು ಹಗ್ಗ ಎಸೆದು ಎಳೆದುಕೊಂಡು ಬಂದರು. ದಡಕ್ಕೆ ಬಂದ ತಮ್ಮ ಅಂದ ಮಾತು ನನಗಿನ್ನೂ ನೆನಪಿದೆ: "ಅಕ್ಕಾ, ನಾ ಕರೆದವರು ಯಾರೂ ಬರಲಿಲ್ಲ. ಕೇಳಿಸಿಕೊಂಡವರು ಬಂದರು."

ಇಲ್ಲಿ ಮಕ್ಕಳಿಗೊಂದು ಮಾತು. ಹೊರದೇಶಗಳ ಕೆಲವು ಕಡೆ ಪೊಲೀಸರ, ಅಗ್ನಿಶಾಮಕದವರ ರೇಡಿಯೊ ಮಾತುಗಳನ್ನು ಸ್ಕ್ಯಾನರ್ ಎಂಬ ಯಂತ್ರದಲ್ಲಿ ಕೇಳುವ ಹವ್ಯಾಸಿಗಳಿದ್ದಾರೆ. ಅಲ್ಲಿಯ ಇಲಾಖೆಗಳು ಡಿಜಿಟಲ್ ಆದಾಗ ಅವರ ಹಳೆಯ ಯಂತ್ರಗಳು ಮೂಕವಾದವು, ಹೊಸದನ್ನು ಕಲಿಯಬೇಕಾಯಿತು. ನಮ್ಮಲ್ಲಿ ಹಾಗೆ ಕದ್ದು ಕೇಳಲು ಅನುಮತಿ ಇಲ್ಲ. ವೈರ್‌ಲೆಸ್ ಹುಚ್ಚಿರುವವರಿಗೆ ಹ್ಯಾಮ್ ರೇಡಿಯೊದ ದಾರಿ ಇದೆ. 12 ವರ್ಷ ತುಂಬಿದವರು ಪರೀಕ್ಷೆ ಬರೆದು ಲೈಸೆನ್ಸು ಪಡೆಯಬಹುದು. ಆಮೇಲೆ 'ವಿಯು' ಎಂದು ಶುರುವಾಗುವ ನಿಮ್ಮದೇ ಒಂದು ಕರೆಹೆಸರು ಸಿಗುತ್ತದೆ.

ಡಿಜಿಟಲ್ ಕಾಲ ನಮ್ಮ ಕಡೆಗೂ ಬಂದಿದೆ. ಆಕಾಶವಾಣಿಯ ಧಾರವಾಡ, ಬೆಂಗಳೂರಿನಂಥ ಕೇಂದ್ರಗಳಿಗೆ ಡಿ.ಆರ್.ಎಂ. ಎಂಬ ಡಿಜಿಟಲ್ ಪ್ರಸಾರ ಬಂತು. ಅದಕ್ಕೆ ಬೇರೆಯೇ ರೇಡಿಯೊ ಬೇಕು. ಕೇಳಿದರೆ ಕೊಳಲಿನಷ್ಟು ಶುದ್ಧ, ಕರಕರ ಇಲ್ಲ. ಆದರೆ ಹಳೆಯ ರೇಡಿಯೊ ಸೊರಗುತ್ತ ಸೊರಗುತ್ತ ಪಿಸುಮಾತಿಗೆ ಇಳಿದರೂ ಅರ್ಧ ವಾಕ್ಯವಾದರೂ ಕಿವಿಗೆ ಬೀಳುತ್ತಿತ್ತು. ಡಿಜಿಟಲ್ ಹಾಗಲ್ಲ. ಇದ್ದರೆ ಪೂರ್ತಿ ಇರುತ್ತದೆ, ಸಂಕೇತ ಒಂದು ಮಟ್ಟಕ್ಕಿಂತ ಇಳಿಯಿತೋ, ಥಟ್ಟನೆ ಮೌನ.

ಕಡಲಿಗೂ ಹೊಸ ಸಾಧನ ಬಂದಿದೆ. ಇಸ್ರೋದ ಆಪತ್ತಿನ ಸಂದೇಶ ಯಂತ್ರ 2010ರಿಂದ ಬಳಕೆಯಲ್ಲಿದೆ. ದೋಣಿ ಮುಳುಗುತ್ತಿದೆ, ಬೆಂಕಿ ಬಿದ್ದಿದೆ, ವೈದ್ಯರು ಬೇಕು, ಹೀಗೆ ಯಾವ ಕಷ್ಟವೋ ಅದರ ಗುಂಡಿ ಒತ್ತಿದರಾಯಿತು. ಸಂದೇಶ ಉಪಗ್ರಹಕ್ಕೆ ಹೋಗಿ, ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ಇಳಿದು, ಅಲ್ಲಿಂದ ಕರಾವಳಿ ಕಾವಲು ಪಡೆಯವರ ರಕ್ಷಣಾ ಕೇಂದ್ರಕ್ಕೆ ಮುಟ್ಟುತ್ತದೆ. ಉಪಗ್ರಹಕ್ಕೆ ದಿಗಂತದ ತೊಡಕಿಲ್ಲ. 2017ರ ಓಖಿ ಚಂಡಮಾರುತದಲ್ಲಿ ಆಳಕಡಲಿಗೆ ಹೋಗಿದ್ದ ಕೇರಳ, ತಮಿಳುನಾಡಿನ ಎಷ್ಟೋ ದೋಣಿಗಳಿಗೆ ಎಚ್ಚರಿಕೆ ಮುಟ್ಟಲೇ ಇಲ್ಲ. ಇಸ್ರೋ 2024ರಲ್ಲಿ ಪ್ರಕಟಿಸಿದ ಸುಧಾರಿತ ಯಂತ್ರಕ್ಕೆ ದಡದಿಂದಲೂ ಸಂದೇಶ ಕಳಿಸಬಹುದು. "ನಿಮ್ಮ ಕರೆ ಮುಟ್ಟಿದೆ" ಎಂಬ ಉತ್ತರವೂ ಬರುತ್ತದೆ. ನಡುಗಡಲಿನಲ್ಲಿ ಆ ಉತ್ತರದ ಬೆಲೆ ಏನೆಂದು ನಮ್ಮಂಥ ಮನೆಯವರಿಗೆ ಗೊತ್ತು.

ಹಾಗಾಗಿ ಹೊಸದನ್ನು ನಾನು ಬಯ್ಯುವುದಿಲ್ಲ. ತಮ್ಮನ ಮಗನ ದೋಣಿಯಲ್ಲಿ ಆ ಯಂತ್ರವಿದೆ ಎಂದೇ ನಾನು ರಾತ್ರಿ ನಿದ್ದೆ ಮಾಡುತ್ತೇನೆ. ನನ್ನ ಚಿಂತೆ ಬೇರೆ. ಗುಂಡಿಯ ಸಂದೇಶ ಹೋಗುವುದು ಕೇಂದ್ರಕ್ಕೆ, ಪಕ್ಕದ ದೋಣಿಗೆ ಅದು ಕೇಳಿಸದು. ಅದಕ್ಕೇ ಗುಂಡಿ ಇದ್ದರೂ ವೈರ್‌ಲೆಸ್ ಆರಿಸಬೇಡ ಎಂದು ಅವನಿಗೆ ಹೇಳುತ್ತಿರುತ್ತೇನೆ. ದಡದಲ್ಲೂ ಅಷ್ಟೇ. ಮೊದಲು ಒಂದು ರೇಡಿಯೊ ಕೂಗಿದರೆ ಓಣಿಯೇ ಕೇಳುತ್ತಿತ್ತು. ಈಗ ಎಚ್ಚರಿಕೆ ಒಬ್ಬೊಬ್ಬರ ಕಿಸೆಗೆ ಬರುತ್ತದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಎಷ್ಟೋ ಫೋನುಗಳು ಪರೀಕ್ಷೆಗೆಂದು ಒಟ್ಟಿಗೇ ಕಿರುಚಿದ್ದು ನಿಮಗೂ ನೆನಪಿರಬಹುದು. ಫೋನೇ ಇಲ್ಲದವರ ಗತಿ?

ಈಗ ನಾನಿರುವುದು ಕುಮಟಾ ತಾಲೂಕಿನ ತದಡಿಯ ಹತ್ತಿರ. ಕಳೆದ ಮಳೆಗಾಲದ ಕೊನೆಗೆ ಒಂದು ಮಧ್ಯಾಹ್ನ ಬಿರುಗಾಳಿ, ಸಿಡಿಲಿನ ಎಚ್ಚರಿಕೆ ನನ್ನ ಫೋನಿಗೆ ಬಂತು. ಹೊರಗೆ ಚುರುಕು ಬಿಸಿಲು. ಓಣಿಯ ಕೊನೆಯ ಮನೆಯ ಮುದುಕಪ್ಪ ಆಗಲೇ ಪಾತಿ ದೋಣಿಗೆ ಬಲೆ ತುಂಬುತ್ತಿದ್ದ. ಅವನ ಹತ್ತಿರ ಫೋನಿಲ್ಲ. ಮೊಮ್ಮಗಳು ಚಪ್ಪಲಿ ಹಾಕಿಕೊಳ್ಳದೆ ಓಡಿ ಹೇಳಿ ಬಂದಳು. "ಇಷ್ಟು ಬಿಸಿಲಿಗೆ ಎಂತ ಗಾಳಿ!" ಎಂದು ಗೊಣಗುತ್ತಲೇ ಅವನು ಬಲೆ ಇಳಿಸಿದ. ಒಂದು ತಾಸಿನೊಳಗೆ ನಮ್ಮ ಅಂಗಳದ ತೆಂಗಿನ ಮರಗಳು ಬಾಗಿ ನೆಲ ನೋಡುತ್ತಿದ್ದವು.

ಮರುದಿನ ನಾವಿಬ್ಬರೂ ಅಂಗಡಿಯ ಗೋಡೆಗೆ ಹಳೆಯ ಕರಿಹಲಗೆಯೊಂದನ್ನು ತೂಗುಹಾಕಿದೆವು. ಬೆಳಿಗ್ಗೆ ನಾನು ರೇಡಿಯೊ ಕೇಳಿ, ಫೋನು ನೋಡಿ, ಗಾಳಿ ಎಷ್ಟು, ಅಲೆ ಎಷ್ಟು ಎತ್ತರ ಎಂದು ಬರೆಯುತ್ತೇನೆ. ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಹೊಸದಾಗಿ ಬಂದದ್ದನ್ನು ತಿದ್ದುತ್ತಾಳೆ. ಅಡಿಯಲ್ಲಿ ಎರಡು ನಂಬರು ಅಳಿಸದೆ ಇರುತ್ತವೆ: ಯಾವ ಆಪತ್ತಿಗೂ 112, ಕಡಲಿನ ಆಪತ್ತಿಗೆ ಕರಾವಳಿ ಕಾವಲು ಪಡೆಯ 1554. ಓದು ಬಾರದವರಿಗಾಗಿ ಅವಳದೇ ಒಂದು ಉಪಾಯ: ಕಡಲಿಗೆ ಹೋಗಬಾರದ ದಿನ ಹಲಗೆಯ ಮೂಲೆಗೆ ಕೆಂಪು ರಿಬ್ಬನ್ನು.

ನಿಮ್ಮ ಓಣಿಯಲ್ಲಿ ಫೋನಿಲ್ಲದ ಮನೆ ಯಾವುದು? ಕಿವಿ ಮಂದವಾದ ಅಜ್ಜ ಯಾರು? ರಾತ್ರಿ ಫೋನು ಆರಿಸಿ ಮಲಗುವವರು ಯಾರು? ಮಕ್ಕಳೇ, ಬರುವ ರವಿವಾರ ಅಜ್ಜ-ಅಜ್ಜಿಯ ಜೊತೆ ಕೂತು ಒಂದು ಪಟ್ಟಿ ಮಾಡಿ. ಮುಂದಿನ ಸಲ ಫೋನು ಕಿರುಚಿದಾಗ ಮೊದಲು ಯಾರ ಮನೆಗೆ ಓಡಬೇಕು ಎಂಬುದು ಆಗ ಗೊತ್ತಿರುತ್ತದೆ.