ನಂದಿದುರ್ಗದ ಗಾಳಿಗಂಟೆ

ನಂದಿದುರ್ಗವೆಂದೊಡನೆ ವಾಚಕರ ಮನಸ್ಸು ಚಿಕ್ಕಬಳ್ಳಾಪುರದ ಬಳಿಯ ಬೆಟ್ಟಕ್ಕೆ ಹರಿಯುವುದು ಸಹಜವೇ ಸರಿ. ಆದರೆ ನಾವು ಈ ಸಲ ಹೋದುದು ಅದೇ ಹೆಸರನ್ನು ಹೊತ್ತ ಬೇರೊಂದು ಸ್ಥಳಕ್ಕೆ. ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ನಂದಿದುರ್ಗದ ಗಣಿಯ ನೆರೆಗೆ. ಹಿಂದೆ ಬೌರಿಂಗ್‌ಪೇಟೆಯೆನಿಸಿಕೊಂಡಿದ್ದ ಬಂಗಾರಪೇಟೆಯಲ್ಲಿ ಮಾರಿಕುಪ್ಪದ ರೈಲನ್ನು ಹತ್ತಿ, ಊರಿಗಾಂ ನಿಲ್ದಾಣದಲ್ಲಿ ಇಳಿದೆವು. ಗಣಿಗಳು ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಲ್ಪಟ್ಟವು. ಯಂತ್ರಗಳ ಮೊರೆತ ಅಡಗಿದೆ. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹುಡಿಯ ದಿಬ್ಬಗಳು ಮಾತ್ರ ನಿಂತಿವೆ. ಜನರು ಇವನ್ನು ಸೈನೈಡ್ ದಿಬ್ಬಗಳೆನ್ನುವರು.

ಆ ನಿಶ್ಶಬ್ದದಲ್ಲಿ ಒಂದು ಮನೆಯ ಜಗಲಿಯಿಂದ ಇಂಪಾದ ನಾದವು ಕೇಳಿಬಂದಿತು. ಸೂರಿನಿಂದ ಐದು ಕೊಳವೆಗಳು ತೂಗುತ್ತಿದ್ದವು. ಮನೆಯ ಯಜಮಾನರು ಗಣಿಯಲ್ಲಿ ದುಡಿದ ವೃದ್ಧರು. ಇದು ಅವರು ತಮ್ಮ ಕೈಯಿಂದಲೇ ಮಾಡಿದ ಗಾಳಿಗಂಟೆ.

ಗಾಳಿಯಿಂದ ಗಂಟೆ ನುಡಿಸುವುದು ಹೊಸ ವಿದ್ಯೆಯಲ್ಲ. ಪ್ರಾಚೀನ ರೋಮಿನವರು ಕೆಡುಕನ್ನು ದೂರವಿಡಲೆಂದು ಮನೆಗಳಲ್ಲಿ ಕಿರುಗಂಟೆಗಳನ್ನು ತೂಗಹಾಕುತ್ತಿದ್ದರು. ಚೀನದ ಲೋಯಾಂಗ್ ನಗರದಲ್ಲಿ ೫೧೬ರಲ್ಲಿ ಕಟ್ಟಿದ ಬೌದ್ಧ ಗೋಪುರವೊಂದರ ಮೂಲೆಮೂಲೆಗೂ ಗಂಟೆಗಳಿದ್ದು, ರಾತ್ರಿಯ ಗಾಳಿಯಲ್ಲಿ ಅವುಗಳ ದನಿ ಬಹುದೂರ ಕೇಳುತ್ತಿದ್ದಿತಂತೆ. ಆ ಗೋಪುರವು ೫೩೪ರಲ್ಲಿ ಬೆಂಕಿಗೆ ಆಹುತಿಯಾಯಿತು. ಜಪಾನಿನವರು ಬೇಸಗೆಯಲ್ಲಿ ಗಾಜಿನ ಗಂಟೆಯ ನಾದದಿಂದಲೇ ತಂಪನ್ನು ಭಾವಿಸುವರು. ನಮ್ಮಲ್ಲಿಯಾದರೋ ಎತ್ತಿನ ಕೊರಳಿನಲ್ಲಿಯೂ ತೇರಿನ ಅಂಚಿನಲ್ಲಿಯೂ ಕಿರುಗಂಟೆಯನ್ನು ಕಾಣದವರಾರು?

ಮಾಡುವ ಬಗೆಯನ್ನು ಆ ವೃದ್ಧರು ವಿವರಿಸಿದರು. ಒಂದೇ ದಪ್ಪದ, ಒಂದೇ ಲೋಹದ ಕೊಳವೆಯನ್ನು ತೆಗೆದುಕೊಳ್ಳಬೇಕು. ಷಡ್ಜದ ತುಂಡು ೫೦ ಸೆಂಟಿಮೀಟರ್ ಇದ್ದರೆ, ಮೋಹನರಾಗದ ಉಳಿದ ಸ್ವರಗಳಿಗೆ ಕ್ರಮವಾಗಿ ೪೭.೧, ೪೪.೭, ೪೦.೮, ೩೮.೭ ಸೆಂಟಿಮೀಟರಿನ ತುಂಡುಗಳು ಬೇಕು. ಈ ಐದರಲ್ಲಿ ಯಾವ ಎರಡು ಕೂಡಿ ನುಡಿದರೂ ಕಿವಿಗೆ ಕರ್ಕಶವಾಗದು. ದಾರಕ್ಕಾಗಿ ತೂತನ್ನು ತುದಿಯಲ್ಲಿ ಕೊರೆಯಬಾರದು. ಕೊಳವೆಯ ಉದ್ದವನ್ನು ನೂರು ಪಾಲು ಮಾಡಿದರೆ ತುದಿಯಿಂದ ಸುಮಾರು ೨೨ ಪಾಲು ಕೆಳಗೆ ಕೊರೆಯಬೇಕು. ೫೦ ಸೆಂಟಿಮೀಟರಿನ ಕೊಳವೆಗೆ ಇದು ಸುಮಾರು ೧೧ ಸೆಂಟಿಮೀಟರು. ಕೊಳವೆ ನಡುಗುವಾಗ ಆ ಸ್ಥಾನವು ಅಲುಗದೆ ನಿಲ್ಲುವುದರಿಂದ ದಾರವು ನಾದವನ್ನು ನುಂಗದು. ನಡುವೆ ಮರದ ಬಿಲ್ಲೆಯನ್ನೂ ಅದರ ಕೆಳಗೆ ಗಾಳಿಗೆ ಒಡ್ಡುವ ಹಗುರವಾದ ಹಲಗೆಯನ್ನೂ ಕಟ್ಟಿದರೆ ಕೆಲಸ ಮುಗಿಯಿತು.

ಅವರು ಪ್ರತಿಯೊಂದು ತುಂಡನ್ನೂ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಪರೀಕ್ಷಿಸುತ್ತಿದ್ದುದನ್ನು ಕಂಡು ನಾವು ಕಾರಣ ಕೇಳಿದೆವು.

“ಗಣಿಯಲ್ಲಿ ಕಲಿತದ್ದು, ಸ್ವಾಮಿ,” ಎಂದರು. “ಕೆಲಸಕ್ಕೆ ಮೊದಲು ತಲೆಯ ಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟುತ್ತಿದ್ದೆವು. ಘಣ್ಣೆಂದರೆ ಗಟ್ಟಿ; ಡಬ್ಬೆಂದರೆ ಸಡಿಲ. ಆ ಡಬ್ಬನ್ನು ಕೇಳದವನು ಮನೆಗೆ ಬರುತ್ತಿರಲಿಲ್ಲ.”

ಬಾವಿಯೊಳಗೆ ತೊಟ್ಟಿಲನ್ನು ಏರಿಸಲು, ಇಳಿಸಲು, ನಿಲ್ಲಿಸಲು ಗಂಟೆಯ ಎಣಿಕೆಯೇ ಆಜ್ಞೆಯಾಗಿದ್ದಿತು. ನಾದವು ಇಲ್ಲಿ ವಿನೋದವಾಗಿರಲಿಲ್ಲ, ಪ್ರಾಣವಾಗಿದ್ದಿತು. ಆ ಗಂಟೆಗಳು ನಿಂತ ಮೇಲೆ ಮನೆ ಬಿಕೋ ಎನ್ನುತ್ತಿದ್ದುದರಿಂದ ಇದನ್ನು ಕಟ್ಟಿದೆನೆಂದು ವೃದ್ಧರು ಹೇಳಿದರು.

ಅಷ್ಟರಲ್ಲಿ ಗಾಳಿ ಬಲವಾಯಿತು. ಐದು ಸ್ವರಗಳೂ ಒಮ್ಮೆಗೇ ಮೊಳಗಿದವು. ನಾವು ಆನಂದದಿಂದ ಆಲಿಸುತ್ತಿರಲು, ಒಳಗಿನಿಂದ ಮನೆಯಾಕೆ ಬಂದು ಕಿಟಕಿಗಳನ್ನೆಲ್ಲ ಮುಚ್ಚಿ, ನೀರಿನ ಕೊಡಕ್ಕೂ ಅನ್ನದ ಪಾತ್ರೆಗೂ ತಟ್ಟೆ ಮುಚ್ಚಿದರು. “ಗಂಟೆ ಜೋರಾದರೆ ದಿಬ್ಬದ ದೂಳು ಬಂತೆಂದೇ ಅರ್ಥ,” ಎಂದರು.

ನಾವು ಬರಿಯ ಸಂಗೀತವೆಂದು ಬಗೆದುದು ಆ ಗೃಹಿಣಿಗೆ ಎಚ್ಚರಿಕೆಯಾಗಿದ್ದಿತು. ಹಿಂದಿರುಗುವಾಗ ರೈಲಿನ ಕಿಟಕಿಯಿಂದ ದಿಬ್ಬಗಳ ಮೇಲೆ ಬಿಳಿಯ ದೂಳು ಏಳುತ್ತಿದ್ದುದನ್ನು ನೋಡಿದೆವು. ಗಂಟೆಯ ದನಿ ಅಷ್ಟು ದೂರ ಕೇಳಲಿಲ್ಲ. ಆದರೂ ಅದು ಮೊಳಗುತ್ತಿರುವುದೆಂದು ಬಲ್ಲೆವು.