ಎರಡು ಬೆರಳಿನ ಎತ್ತರ

ಮಳೆಯ ಮಾತು ಬಂದರೆ ನಮ್ಮ ಮೂಡಿಗೆರೆ ಕಡೆಯವರೆಲ್ಲ ಕೊನೆಗೆ 2019ರ ಆಗಸ್ಟಿಗೇ ಬಂದು ನಿಲ್ಲುತ್ತಾರೆ. ಗುಡ್ಡಗಳು ತೋಟಗಳನ್ನು ಹೊತ್ತುಕೊಂಡೇ ಜಾರಿದ ತಿಂಗಳು ಅದು. ಚಾರ್ಮಾಡಿ ಘಾಟಿ ಕುಸಿದು, ಕೊಟ್ಟಿಗೆಹಾರದಿಂದ ಉಜಿರೆಗೆ ಇಳಿಯುವ ದಾರಿ ಬಂದಾಗಿತ್ತು. ಒಂದೊಂದು ಮನೆಗೂ ಆ ಮಳೆಯದೊಂದು ಕಥೆ ಇದೆ. ನಮ್ಮ ಮನೆಯದು ಭಾವನ ಪಿಕಪ್ಪಿನ ಕಥೆ.

ಭಾವನ ತೋಟ ಬಣಕಲ್ ಹತ್ತಿರ. ಹಳೇ ಜೀಪು ಕೊಟ್ಟು, ಹಾಸನದಿಂದ ಒಂದು ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಪಿಕಪ್ ತಂದಿದ್ದರು. ಗೊಬ್ಬರದ ಮೂಟೆ, ಕಾಫಿ ಚೀಲ, ಆಳುಗಳು, ಆಸ್ಪತ್ರೆಗೆ ಹೋಗುವ ಬಸುರಿಯರು, ಎಲ್ಲಕ್ಕೂ ಅದೇ ಗಾಡಿ. ಅಕ್ಕನ ಮಗ ಪುಟ್ಟು ಆಗಷ್ಟೇ ಲೈಸೆನ್ಸ್ ಮಾಡಿಸಿದ್ದ. ದೊಡ್ಡ ಟೈರು ಹಾಕಿಸಿದ, ಮುಂದುಗಡೆ ಲೈಟು ಹಾಕಿಸಿದ. ಗಾಡಿ ಎದೆ ಸೆಟೆಸಿ ನಿಂತಂತೆ ಕಾಣುತ್ತಿತ್ತು. ಭಾವನಿಗೂ ಒಳಗೊಳಗೇ ಖುಷಿ. "ನೋಡೋಕೆ ಗತ್ತಾಗಿದೆ ಬಿಡು" ಅಂದಿದ್ದರು.

ಯುಗಾದಿ ಕಳೆದ ಮೇಲೆ ಒಂದು ದಿನ ಬಲಗಡೆಯ ಮುಂದಿನ ಚಕ್ರದ ಒಳಮೈಗೆಲ್ಲ ಕಪ್ಪು ಗ್ರೀಸು ಸಿಡಿದಿತ್ತು. ಎಕ್ಸೆಲ್ಲಿನ ಜಾಯಿಂಟಿಗೆ ಹೊದಿಸಿದ ರಬ್ಬರ್ ಬೂಟು ಹರಿದಿದೆ ಎಂದರು ಗ್ಯಾರೇಜಿನ ಕಾಕಾ. ಬೂಟು ಬದಲಿಸಿ, ಹೊಸ ಗ್ರೀಸು ತುಂಬಿ ಕಳಿಸಿದರು. ಅಲ್ಲಿಗೆ ಅದು ಮುಗಿಯಿತು ಅಂದುಕೊಂಡೆವು.

ಆಗಸ್ಟಿನ ಆ ವಾರ ಮೇಲಿನ ಗುಡ್ಡದಲ್ಲಿ ಬಿರುಕು ಕಾಣಿಸಿತು. ಅಲ್ಲಿನ ಮನೆಗಳವರನ್ನು ಕೆಳಗಿನ ಶಾಲೆಗೆ ಇಳಿಸಬೇಕಾಯಿತು. ಆ ಕೆಸರಿನಲ್ಲಿ ಹತ್ತುವ ಗಾಡಿ ಭಾವನದೊಂದೇ. ಮುದುಕರು, ಮಕ್ಕಳು, ಅಕ್ಕಿ ಮೂಟೆ, ಒಂದು ಕರು ಸಹ ಹಿಂದೆ ಕೂತು ಬಂದವು. ಇಳಿಜಾರಿನ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಸಾಕು, ಬಲಗಡೆಯಿಂದ ಟಕ್, ಟಕ್, ಟಕ್. ನೇರ ರಸ್ತೆಗೆ ಬಂದರೆ ಸದ್ದಿಲ್ಲ. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಪ್ರತಿ ತಿರುವಿಗೂ "ಮಂಜುನಾಥಾ" ಅನ್ನುತ್ತಿದ್ದರು. ಕಡೆಯ ಮನೆಯವರನ್ನು ಇಳಿಸುವವರೆಗೆ ಗಾಡಿ ಮಾತ್ರ ಕೈಕೊಡಲಿಲ್ಲ.

ಮಳೆ ಸ್ವಲ್ಪ ತೆರಪು ಕೊಟ್ಟ ಬೆಳಿಗ್ಗೆ ಕಾಕಾನ ಶೆಡ್ಡಿಗೆ ಹೋದೆವು. ಭಾವ ಇಳಿಯುವ ಮೊದಲೇ ಶುರು ಮಾಡಿದರು: "ಏನ್ ಕಾಕಾ, ನೀವು ಹಾಕಿದ್ದು ಡೂಪ್ಲಿಕೇಟ್ ಮಾಲು ಅಂತ ಕಾಣ್ತದೆ. ನಾಲ್ಕು ತಿಂಗಳು ಬರಲಿಲ್ಲ."

ಕಾಕಾ ಉತ್ತರ ಕೊಡಲಿಲ್ಲ. ಜಾಕಿ ಕೊಟ್ಟು ಚಕ್ರ ಬಿಚ್ಚಿಸಿದರು. ಹಬ್ಬಿನ ಸ್ಪ್ಲಿಟ್ ಪಿನ್ ಎಳೆದು, ಪಾನಾಕ್ಕೆ ಉದ್ದನೆ ಪೈಪು ಸಿಕ್ಕಿಸಿ ಇಬ್ಬರು ಹುಡುಗರು ತೂಗಿದ ಮೇಲೆ ದೊಡ್ಡ ನಟ್ಟು ಕಿರುಗುಟ್ಟಿ ಸಡಿಲಾಯಿತು. ಸುತ್ತಿಗೆಯಲ್ಲಿ ನಾಲ್ಕು ಏಟು ಬಿದ್ದಾಗ ಬಾಲ್ ಜಾಯಿಂಟ್ ಬಿಟ್ಟುಕೊಂಡಿತು. ಒಳತುದಿಗೆ ರಾಡು ಕೊಟ್ಟು ಮೀಟಿದಾಗ, ಒಂದಿಷ್ಟು ಗೇರ್ ಆಯಿಲ್ ಚೆಲ್ಲುತ್ತಾ ಎಕ್ಸೆಲ್ಲು ಹೊರಬಂತು.

ಹೊರಗಡೆಯ ಬೂಟಿನ ಮಡಿಕೆಯಲ್ಲಿ ಬೆರಳುದ್ದದ ಸೀಳು. ಕ್ಲಿಪ್ ಕತ್ತರಿಸಿ ಬೂಟು ಹಿಂದೆ ಸರಿಸಿದಾಗ ಕಂಡ ಗ್ರೀಸು ಗ್ರೀಸಾಗಿರಲಿಲ್ಲ; ಮಣ್ಣು, ನೀರು ಬೆರೆತು ಕಾಫಿ ಚರಟದಂತಾಗಿತ್ತು. ಕಾಕಾ ಜಾಯಿಂಟನ್ನು ಡೀಸೆಲ್ಲಿನಲ್ಲಿ ತೊಳೆದು, ಪಂಜರದಂಥ ಬಳೆಯನ್ನು ಓರೆ ಮಾಡಿ ಆರು ಗುಂಡುಗಳನ್ನೂ ಒಂದೊಂದಾಗಿ ತೆಗೆದು ಅಂಗೈ ಮೇಲಿಟ್ಟುಕೊಂಡರು. ಗುಂಡು ಉರುಳುವ ಜಾಡಿನೊಳಗೆ ನನ್ನ ಹೆಬ್ಬೆರಳಿನ ಉಗುರು ಎಳೆಸಿದರು. ಒಂದು ಕಡೆ ಉಗುರು ಸಿಕ್ಕಿ ನಿಂತಿತು. "ಇದೇ ನಿಮ್ಮ ಟಕ್ ಟಕ್" ಎಂದರು.

ಅವರು ಹೇಳಿದ್ದು ಇಷ್ಟು. ಮುಂದಿನ ಚಕ್ರ ಎಳೆಯಲೂ ಬೇಕು, ಎಡಕ್ಕೆ ಬಲಕ್ಕೆ ತಿರುಗಲೂ ಬೇಕು, ಮೇಲೆ ಕೆಳಗೆ ಆಡಲೂ ಬೇಕು. ಹಿಂದಿನ ಪ್ರೊಪೆಲ್ಲರ್ ಶಾಫ್ಟಿಗಿರುವ ಕ್ರಾಸ್ ಜಾಯಿಂಟನ್ನು ಅಷ್ಟು ಓರೆಯಲ್ಲಿ ತಿರುಗಿಸಿದರೆ, ಒಂದೊಂದು ಸುತ್ತಿಗೂ ಎರಡು ಸಲ ವೇಗ ಏರಿ ಇಳಿದು ಗಾಡಿ ಅದುರುತ್ತದೆ. ಈ ಆರು ಗುಂಡುಗಳ ಜಾಯಿಂಟು ಎಷ್ಟು ಓರೆಯಾದರೂ ಒಂದೇ ಸಮ ತಿರುಗುತ್ತದೆ. ಆದರೆ ಅದಕ್ಕೆ ಗ್ರೀಸು ಇರಬೇಕು, ಮರಳು ಸೋಕಬಾರದು. ಅದಕ್ಕೇ ರಬ್ಬರಿನ ಬೂಟು. ಹಳೇ ಜೀಪಿನ ಜಾಯಿಂಟು ಕಬ್ಬಿಣದ ಗುಂಡನೆ ಚಿಪ್ಪಿನೊಳಗೆ ಇರುತ್ತಿತ್ತು, ಈ ರಗಳೆ ಇರಲಿಲ್ಲ. "1983ರಲ್ಲಿ ಮಾರುತಿ 800 ಬಂದ ಮೇಲಲ್ವಾ ನಾವು ಈ ಬೂಟಿನ ಕೆಲಸ ಕಲಿತದ್ದು" ಎಂದರು. ಹರಿದ ತಕ್ಷಣ ಕಂಡರೆ ತೊಳೆದು ಹೊಸ ಬೂಟು ಹಾಕಬಹುದು, ಕೆಲವು ನೂರು ರೂಪಾಯಿಯ ಕೆಲಸ. ಜಾಡಿನಲ್ಲಿ ಗುಳಿ ಬಿದ್ದು ಸದ್ದು ಶುರುವಾದರೆ ಯಾವ ಗ್ರೀಸೂ ಉಕ್ಕನ್ನು ವಾಪಸ್ ತರದು. ಇಡೀ ಎಕ್ಸೆಲ್ಲೇ ಬೇಕು, ಅದು ಸಾವಿರಗಳ ಮಾತು.

"ಸರಿ, ಆದರೆ ಹೊಸ ಬೂಟು ಹರಿದದ್ದು ಯಾಕೆ?" ಭಾವ ಬಿಡಲಿಲ್ಲ.

ಕಾಕಾ ಹರಿದ ಬೂಟನ್ನು ಬೆಳಕಿಗೆ ಹಿಡಿದರು. ಮಡಿಕೆಗಳ ಏಣು ಒಂದಕ್ಕೊಂದು ಉಜ್ಜಿ ನುಣುಪಾಗಿ ಹೊಳೆಯುತ್ತಿತ್ತು. ಕಲ್ಲು ತಾಗಿ ಹರಿದದ್ದಾದರೆ ಹೀಗೆ ಆಗುವುದಿಲ್ಲ. ಆಮೇಲೆ ಬಿಚ್ಚದ ಎಡಗಡೆಯ ಎಕ್ಸೆಲ್ಲು ತೋರಿಸಿದರು. ನೇರ ನಿಂತ ಗಾಡಿಯಲ್ಲೂ ಅದು ಡಿಫರೆನ್ಷಿಯಲ್ಲಿನಿಂದ ಚಕ್ರಕ್ಕೆ ಕಡಿದಾಗಿ ಇಳಿದಿತ್ತು. ಹೊರಗಡೆಯ ಬೂಟಿನ ಮಡಿಕೆಗಳು ಮೇಲುಗಡೆ ಒತ್ತೊತ್ತಾಗಿ ಕೂತು, ಕೆಳಗೆ ಹಿಗ್ಗಿದ್ದವು. ಆ ಗಾಡಿಗೆ ಹಬ್ ಲಾಕ್ ಇಲ್ಲ; ಟೂ ವೀಲಿನಲ್ಲಿ ಓಡಿದರೂ ಮುಂದಿನ ಎಕ್ಸೆಲ್ಲು ತಿರುಗುತ್ತಲೇ ಇರುತ್ತದೆ, ಮಡಿಕೆ ಉಜ್ಜುತ್ತಲೇ ಇರುತ್ತದೆ.

ಕಾಕಾ ಗಾಡಿಯಡಿಗೆ ಮಲಗಿ ಟಾರ್ಚು ಹಾಕಿದರು. ಮುಂದಿನ ಭಾರ ಹೊರುವ ಟಾರ್ಷನ್ ಬಾರಿನ ಹಿಂದಿನ ತುದಿಯಲ್ಲಿ ಒಂದು ಬೋಲ್ಟು ಇರುತ್ತದೆ. ಬಿಗಿ ಮಾಡಿದಷ್ಟೂ ಮುಂಭಾಗ ಏಳುತ್ತದೆ. ಚಾಸಿಗೆಲ್ಲ ಕೆಸರು ಮೆತ್ತಿ ತುಕ್ಕು ಹಿಡಿದಿದ್ದರೂ, ಆ ಬೋಲ್ಟಿನ ಮೂಲೆಗಳಲ್ಲಿ ಮಾತ್ರ ಪಾನಾ ಹಿಡಿದ ಗುರುತು ಹೊಸದಾಗಿತ್ತು.

"ಗೌಡ್ರೇ, ಬೂಟಿನದ್ದು ತಪ್ಪಿಲ್ಲ. ಇದನ್ನು ಯಾರೋ ತಿರುಗಿಸಿದ್ದಾರೆ."

ಭಾವ ಹಿಂದೆ ತಿರುಗುವಷ್ಟರಲ್ಲಿ ಪುಟ್ಟು ಟೀ ತರುತ್ತೇನೆಂದು ರಸ್ತೆ ದಾಟಿಯಾಗಿತ್ತು. ದೊಡ್ಡ ಟೈರು ಮಡ್‌ಗಾರ್ಡಿಗೆ ತಾಗುತ್ತಿತ್ತಂತೆ. ಟೈರು ಅಂಗಡಿಯಲ್ಲೇ ಎರಡೂ ಕಡೆ ಬಿಗಿ ಮಾಡಿಸಿದ್ದ. ಎಷ್ಟು ಎತ್ತರ ಅಂದರೆ, ಎರಡು ಬೆರಳು.

ಘಾಟಿ ಬಂದಾಗಿದ್ದರಿಂದ ಮಂಗಳೂರಿನ ಆಸೆ ಬಿಟ್ಟು, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಎಕ್ಸೆಲ್ಲು ತರಿಸಿದೆವು. ಹಾಸನ, ಬೇಲೂರು ದಾಟಿ ರಾತ್ರಿ ಬಸ್ಸಿನಲ್ಲಿ ಬಂತು. ಅದನ್ನು ಹಾಕುವ ಮೊದಲೇ ಕಾಕಾ ಹಳೇ ಟೈರುಗಳನ್ನು ತರಲು ಹೇಳಿದರು. ಬೋಲ್ಟು ಸಡಿಲಿಸಿ ಗಾಡಿಯನ್ನು ಮೊದಲಿನ ಎತ್ತರಕ್ಕೆ ಇಳಿಸಿದರು, ಎಡಗಡೆಗೂ ಹೊಸ ಬೂಟು ಹಾಕಿದರು, ಅಲೈನ್‌ಮೆಂಟ್ ಮಾಡಿಸಿಕೊಳ್ಳಿ ಎಂದು ಕಳಿಸಿದರು. ಡೂಪ್ಲಿಕೇಟ್ ಮಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಭಾವ ಮಾತ್ರ ಬಿಲ್ಲಿನ ಮೇಲೆ ಇನ್ನೂ ಐನೂರು ಇಟ್ಟು ಬಂದರು.

ಆ ಬೂಟುಗಳು ಮುಂದೆ ಎಷ್ಟೋ ಮಳೆ ಕಂಡವು, ಹರಿಯಲಿಲ್ಲ. ದೊಡ್ಡ ಟೈರುಗಳನ್ನು ಪುಟ್ಟು ತನ್ನ ಸ್ನೇಹಿತನೊಬ್ಬನಿಗೆ ಮಾರಿದ. ಮಾರನೆಯ ಮಳೆಗಾಲಕ್ಕೆ ಆ ಸ್ನೇಹಿತನ ಗಾಡಿ ಕಾಕಾನ ಶೆಡ್ಡಿನಲ್ಲಿ ಜಾಕಿ ಮೇಲೆ ನಿಂತಿತ್ತು. ಕಾಕಾ ಈ ಸಲ ಚಕ್ರ ಬಿಚ್ಚುವ ಮೊದಲೇ ಟಾರ್ಚು ತರಿಸಿದರಂತೆ.