ಕಡಲ ದಾರಿಯಲ್ಲಿ ಒಂದು ಸುಪ್ರಾ, ಎರಡು ಮದ್‌ಹಬ್

ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ಗಮನಿಸುವಂತೆ ಪವಿತ್ರ ಕುರ್‌ಆನ್ ಹಲವೆಡೆ ಕರೆ ನೀಡುತ್ತದೆ. ಗಮನಿಸಬೇಕಾದರೆ ಅವಸರವನ್ನು ಬಿಡಬೇಕು. ಕಳೆದ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಂಕಲ್‌ನಿಂದ ಕುಟುಂಬಸಮೇತ ಹೊರಟ ನಾವು ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ, ಅರಬೈಲ್ ಘಟ್ಟವಿಳಿದು ಅಂಕೋಲಾ ತಲುಪಿದೆವು. ಅಲ್ಲಿಂದ ಭಟ್ಕಳಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನೂರು ಕಿಲೋಮೀಟರ್ ಕೂಡ ಇಲ್ಲ. ಆ ದಾರಿಗೆ ನಾವು ಮೂರು ದಿನ ತೆಗೆದುಕೊಂಡೆವು. ಪ್ರಯಾಣಿಕನಿಗೆ ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸಿದ ಧರ್ಮವು ಸುಗಮತೆಯನ್ನೇ ಬಯಸುತ್ತದೆ.

ಕುಮಟಾ ಬಳಿ ಅಘನಾಶಿನಿ ನದಿಯು ಸಮುದ್ರವನ್ನು ಸೇರುತ್ತದೆ. ಕೃಷ್ಣೆಯ ಅಣೆಕಟ್ಟು, ಕಾಲುವೆಗಳನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ, ಅಣೆಕಟ್ಟೇ ಇಲ್ಲದೆ ಕಡಲಿಗೆ ಹರಿಯುವ ನದಿಯೊಂದು ಅಚ್ಚರಿಯಾಗಿತ್ತು. ಇಳಿತದ ಹೊತ್ತಿನಲ್ಲಿ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಆಯುತ್ತಿದ್ದರು. ನಮಗೆ ಜೋಳದ ಹೊಲದಲ್ಲಿಟ್ಟ ರಿಝ್ಕನ್ನು ಅಲ್ಲಾಹನು ಅವರಿಗೆ ಕೆಸರಿನಡಿಯಲ್ಲಿಟ್ಟಿದ್ದಾನೆ.

ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ಹಲಗೆಯ ಕಾಲುದಾರಿಯಿದೆ. ಬೇರುಗಳ ನಡುವೆ ಏಡಿಗಳು, ಕೊಂಬೆಯ ಮೇಲೆ ಮಿಂಚುಳ್ಳಿ. ಸಮೀಪದ ಕಾಸರಕೋಡಿನ ಮರಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯನ್ನು ಮರಳಿನಿಂದ ಮುಚ್ಚಿ ತಾಯಿ ಕಡಲಿಗೆ ಮರಳುತ್ತದೆ. ಸುಮಾರು ಐವತ್ತು ದಿನಗಳ ಬಳಿಕ ಮರಿಗಳು ತಾವಾಗಿಯೇ ನೀರಿನತ್ತ ತೆವಳುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವುಗಳಿಗೆ ರಕ್ಷಣೆ ನೀಡಿದೆ. ಪ್ರಾಣಿಪಕ್ಷಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬ ಕುರ್‌ಆನಿನ ಬೋಧನೆಯನ್ನು ತರಗತಿಯಲ್ಲಿ ವಿವರಿಸುವುದು ಬೇರೆ, ಆ ಮರಳಿನ ಮೇಲೆ ನಿಂತು ನೆನೆಯುವುದು ಬೇರೆ.

14ನೆಯ ಶತಮಾನದಲ್ಲಿ ಇದೇ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತಾ ಇಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳಿದ್ದವೆಂದೂ, ಜನರು ಶಾಫಿಈ ಮದ್‌ಹಬಿನವರೆಂದೂ ದಾಖಲಿಸಿದ್ದಾನೆ. ಸುಲ್ತಾನನ ಊಟದಲ್ಲಿ ಅನ್ನ, ತುಪ್ಪ, ಮೀನು, ಉಪ್ಪಿನಕಾಯಿಗಳನ್ನು ಸವಿದದ್ದನ್ನೂ ಬರೆದಿದ್ದಾನೆ.

ಭಟ್ಕಳದಲ್ಲಿ ಮದ್ರಸಾದ ದಿನಗಳ ನವಾಯತ ಸಹಪಾಠಿಯೊಬ್ಬರ ಮನೆಯಲ್ಲಿ ಸುಪ್ರಾ ಹಾಸಿದ್ದರು. ನಾವು ಈದ್‌ಗೆ ಹಾಲಿನಲ್ಲಿ ಬೇಯಿಸುವ ಶಾವಿಗೆಯು ಅಲ್ಲಿ ಬಿರಿಯಾನಿಯಾಗಿ ಬಂದಿತ್ತು. ಪಕ್ಕದಲ್ಲಿ ಮೀನು ಮತ್ತು ಬಳಚಿನ ಪಲ್ಯ. ನಾವು ಹನಫಿಗಳು, ನಮ್ಮಲ್ಲಿ ಕಡಲಜೀವಿಗಳ ಪೈಕಿ ಮೀನು ಮಾತ್ರ ಹಲಾಲ್, ಸಿಗಡಿಯ ಕುರಿತು ನಮ್ಮ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿದೆ. ಶಾಫಿಈಗಳಲ್ಲಿ ಅನುಮತಿ ವಿಶಾಲ. ನಾವು ಬಳಚನ್ನು ಮುಟ್ಟದಿದ್ದುದನ್ನು ಕಂಡು ಕಿರಿಯ ಮಗಳು, “ಅಬ್ಬಾ, ಅವರದ್ದು ತಪ್ಪೇ?” ಎಂದು ಎಲ್ಲರೆದುರೇ ಕೇಳಿಬಿಟ್ಟಳು.

ಆತಿಥೇಯರು ನಕ್ಕರು. “ಮೌಲಾನಾ, ಉತ್ತರ ನೀವೇ ಹೇಳಿ” ಎಂದರು.

ಇಮಾಮ್ ಅಬೂ ಹನೀಫರ ಶಿಷ್ಯರು ಇಮಾಮ್ ಮುಹಮ್ಮದ್. ಅವರ ಬಳಿ ಕಲಿತವರು ಇಮಾಮ್ ಶಾಫಿಈ. ಕಲಿಸಿದವರೊಡನೆ ಭಿನ್ನಮತವಿತ್ತು, ಗೌರವಕ್ಕೆ ಕುಂದಿರಲಿಲ್ಲ ಎಂದು ಮಗಳಿಗೆ ಹೇಳಿದೆವು. “ಅವರೂ ಅಲ್ಲಾಹನ ಆಜ್ಞೆಯನ್ನೇ ಹುಡುಕಿದರು, ನಮ್ಮವರೂ ಅದನ್ನೇ ಹುಡುಕಿದರು. ನಾವು ತಿನ್ನದಿರುವುದು ನಮ್ಮ ವಿಧೇಯತೆ, ಅವರನ್ನು ಹಳಿಯದಿರುವುದೂ ವಿಧೇಯತೆಯೇ.” ಆತಿಥೇಯರು ಮೀನಿನ ತಟ್ಟೆಯನ್ನು ನಮ್ಮತ್ತ ಸರಿಸಿದರು.

ಇಂದು ಸಣ್ಣ ಸಣ್ಣ ಮಸ್‌ಅಲಾಗಳಿಗಾಗಿ ಮಸೀದಿಗಳಲ್ಲಿ ಸಾಲುಗಳು ಒಡೆಯುತ್ತಿವೆ, ಸಂಬಂಧಗಳು ಮುರಿಯುತ್ತಿವೆ. ಸೃಷ್ಟಿಯಲ್ಲಿ ಇಷ್ಟೊಂದು ವೈವಿಧ್ಯವನ್ನಿಟ್ಟ ಅಲ್ಲಾಹನು ನಮ್ಮ ಹೃದಯಗಳನ್ನೂ ವಿಶಾಲಗೊಳಿಸಲಿ. ಪ್ರಿಯ ಓದುಗರೇ, ಸಾಧ್ಯವಾದಾಗ ಮಕ್ಕಳೊಂದಿಗೆ ನಿಧಾನವಾಗಿ ಪಯಣಿಸಿರಿ. ಅನ್ಯರ ಸುಪ್ರಾದಲ್ಲಿ ಅದಬ್‌ನಿಂದ ಕುಳಿತುಕೊಳ್ಳುವುದನ್ನು ಕಲಿಸಿರಿ. ಆಮೀನ್.